ತೋಳಿದ್ದದ್ದು, ತೋಳಿಲ್ಲದ್ದು

ಮಾಸ್ತರು ಗೋಣಿಚೀಲದಿಂದ ಆ ಎರಡು ಕರಿಯ ಉಡುಪುಗಳನ್ನು ತೆಗೆದು ಚಾಪೆಯ ಮೇಲೆ ಹಾಸಿದಾಗ ಖೋಲಿಯ ತುಂಬ ಸೈಕಲ್ ಟ್ಯೂಬಿನ ವಾಸನೆ ಹರಡಿತು. ದಪ್ಪ ರಬ್ಬರಿನವು. ಕುತ್ತಿಗೆಯಿಂದ ಪಾದದ ಗಂಟಿನವರೆಗೆ ಒಂದೇ ತುಂಡು, ಬೆನ್ನಿಗೆ ಉದ್ದನೆಯ ಜಿಪ್ಪು. ಒಂದಕ್ಕೆ ಮುಂಗೈವರೆಗೂ ತೋಳಿತ್ತು. ಇನ್ನೊಂದಕ್ಕೆ ತೋಳೇ ಇರಲಿಲ್ಲ. ಭುಜದ ಹತ್ತಿರವೇ ಮುಗಿದುಹೋಗಿತ್ತು. ಕರಾವಳಿಯ ಒಂದು ಊರಿನಲ್ಲಿ ಸ್ಪರ್ಧೆ ಮುಗಿಸಿ ತಮ್ಮ ದೇಶಕ್ಕೆ ಹೊರಟಿದ್ದ ಇಬ್ಬರು ಪರದೇಶಿ ಹೆಣ್ಣುಮಕ್ಕಳು, ಹಳೆಯವಾಗಿವೆ ಎಂದು ಅವನ್ನು ಮಾಸ್ತರಿಗೆ ಬಿಟ್ಟುಹೋಗಿದ್ದರಂತೆ.

“ಇವು ನಿಮ್ಮಿಬ್ಬರಿಗೆ. ಯಾರಿಗೆ ಯಾವುದು ಅಂತ ಈಗ ಹೇಳಂಗಿಲ್ಲ. ನೀರಾಗ ಇಳದ ಮ್ಯಾಲೆ ನೋಡೋಣು,” ಅಂದರು ಮಾಸ್ತರು.

ನನ್ನ ಪಕ್ಕ ಕುಳಿತಿದ್ದ ಗೆಳತಿ ಕೈ ಚಾಚಿ ತೋಳಿದ್ದ ಉಡುಪನ್ನು ತನ್ನ ಕಡೆ ಎಳೆದುಕೊಂಡಳು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹಿನ್ನೀರು ಏರಿ ಹಳೆಯ ಕೊಲ್ಹಾರ ಕೃಷ್ಣೆಯೊಳಗೆ ಮುಳುಗಿ, ಊರು ಮೇಲಕ್ಕೆ ಬಂದು ನೆಲೆಸಿತ್ತು. ಆ ಹೊಸ ಊರಿನಲ್ಲಿ ಮಾಸ್ತರು ನಮಗಾಗಿ ಒಂದು ಖೋಲಿ ಹಿಡಿದಿದ್ದರು. ಅವರದು ಇಂಡಿ. ಒಂದು ಕಾಲಕ್ಕೆ ಸೈಕಲ್ ಓಡಿಸಿದವರು. ಮೊಣಕಾಲು ಕೆಟ್ಟ ಮೇಲೆ ಓಡಿಸುವುದನ್ನು ಕಲಿಸಿದವರು. ನಾನು ಸಿಂದಗಿಯವಳು. ಅವಳು ಮುದ್ದೇಬಿಹಾಳ ತಾಲೂಕಿನ ನಾಲತವಾಡದವಳು. ವಿಜಾಪುರದಲ್ಲಿ ಸೈಕಲ್ ಕಲಿಯುವ ಮಕ್ಕಳ ಹಾಸ್ಟೆಲಿನಲ್ಲಿ ನಮ್ಮಿಬ್ಬರ ಮಂಚಗಳು ಒಂದರ ಪಕ್ಕ ಒಂದಿದ್ದವು. ಸೊಲ್ಲಾಪುರದ ರಸ್ತೆಯಲ್ಲಿ ಬೆಳಗಿನ ಲಾರಿಗಳ ಹೊಗೆ ಕುಡಿಯುತ್ತ ಇಬ್ಬರೂ ಬೆಳೆದೆವು. ಅವಳು ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ನನಗಿಂತ ಬಹಳ ಜೋರು.

ಸೈಕಲ್ಲಿನಲ್ಲಿ ನಮ್ಮ ಜಿಲ್ಲೆಯ ಹುಡುಗಿಯರು ಎಲ್ಲ ಕಡೆ ಗೆಲ್ಲುತ್ತಿದ್ದರು. ಆದ್ದರಿಂದಲೇ ನಮ್ಮಲ್ಲಿ ಪೈಪೋಟಿ ಹೆಚ್ಚು. ರಾಜ್ಯದ ತಂಡದಲ್ಲಿ ಜಾಗ ಸಿಗುವುದು ಕಷ್ಟ. ಆಗ ಮಾಸ್ತರು ನಮಗೆ ಟ್ರಯಥ್ಲಾನ್ ತೋರಿಸಿದರು. ಮೊದಲು ಈಜು, ನೀರಿನಿಂದ ಎದ್ದು ಸೈಕಲ್ಲು, ಸೈಕಲ್ಲಿನಿಂದ ಇಳಿದು ಓಟ. “ಸೈಕಲ್ಲಿನ್ಯಾಗ ನಿಮ್ಮನ್ನ ಯಾರೂ ಹಿಡಿಯಂಗಿಲ್ಲ. ಓಡೂದು ಹೆಂಗೂ ಬರತೈತಿ. ನೀರಾಗ ಸಾಯದಂಗ ಹೊರಗ ಬಂದ್ರ ಸಾಕು,” ಎಂದಿದ್ದರು. ನಾನು ಹೊಲದ ಬಾವಿಯಲ್ಲಿ ಈಜು ಕಲಿತವಳು. ಅವಳಿಗೆ ಈಜು ಬರುತ್ತಲೇ ಇರಲಿಲ್ಲ. ಮಾಸ್ತರು ಹಿನ್ನೀರಿನ ದಂಡೆಯಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿ ಕಲಿಸಿದ್ದರು.

ಚಳಿಗಾಲದ ಕೊನೆಗೆ ಉತ್ತರದ ಒಂದು ಗುಡ್ಡಗಾಡು ಊರಿನಲ್ಲಿ ಸ್ಪರ್ಧೆ ಇತ್ತು. ಅಲ್ಲಿಯ ಕೆರೆಯ ನೀರು ಬರ್ಫದಂತೆ ಇರುತ್ತದೆ, ರಬ್ಬರಿನ ಉಡುಪು ಇಲ್ಲದೆ ಇಳಿಯುವಂತಿಲ್ಲ ಎಂದು ಮಾಸ್ತರಿಗೆ ಯಾರೋ ಹೇಳಿದ್ದರು. ಆ ಉಡುಪಿನಿಂದ ಇನ್ನೊಂದು ಉಪಯೋಗವಿತ್ತು. ಸೈಕಲ್ ಹೊಡೆಯುವವರ ತೊಡೆ ಗಟ್ಟಿ, ನೀರಿನಲ್ಲಿ ಕಲ್ಲಿನಂತೆ ಕೆಳಕ್ಕೆ ಎಳೆಯುತ್ತವೆ. ರಬ್ಬರು ಕಾಲನ್ನು ಮೇಲಕ್ಕೆ ತೇಲಿಸುತ್ತದೆ.

ಅವಳ ಎಡಗೈಯ ವಿಷಯ ಹೇಳಬೇಕು. ಅವಳು ಇನ್ನೂ ಸಾಲಿಗೆ ಹೋಗದ ವಯಸ್ಸಿನಲ್ಲಿ ಅಡಿಗೆಮನೆಯಲ್ಲಿ ಸೀಮೆಎಣ್ಣೆಯ ಸ್ಟೋ ಸಿಡಿದಿತ್ತು. ಅವ್ವ ಕೌದಿ ಹೊಚ್ಚಿ ಬೆಂಕಿ ಆರಿಸಿದರು. ಜೀವ ಉಳಿಯಿತು. ಎಡಭುಜದಿಂದ ಮೊಣಕೈ ದಾಟುವವರೆಗೆ ಚರ್ಮ ಕರಗಿ ಹೋಗಿ, ಆಮೇಲೆ ಹೊಳೆಯುವ, ಗಂಟುಗಂಟಾದ ಬೇರೆಯದೇ ಚರ್ಮ ಬಂತು. ಕಂಕುಳಿನಲ್ಲಿ ಅದು ಬಾತುಕೋಳಿಯ ಕಾಲಿನ ಪೊರೆಯಂತೆ ತೋಳನ್ನು ಪಕ್ಕೆಗೆ ಹಿಡಿದುಕೊಂಡಿತ್ತು. ಕೈ ಕಿವಿಯವರೆಗೆ ಏಳುತ್ತಿರಲಿಲ್ಲ. ಸೈಕಲ್ಲಿಗೆ ಅದರಿಂದ ತೊಂದರೆ ಇಲ್ಲ, ಕೈ ಮುಂದಕ್ಕೆ ಚಾಚಿದರಾಯಿತು. ಆದರೆ ಗೆದ್ದಾಗಲೂ ಅವಳು ಎಲ್ಲರಂತೆ ಎರಡು ಕೈ ಬಿಟ್ಟು ಮೇಲೆತ್ತಿದ್ದನ್ನು ನಾನು ನೋಡಿಲ್ಲ.

ಹಾಸ್ಟೆಲಿನಲ್ಲಿ ಎಷ್ಟೋ ದಿನ ಆ ಕೈಯನ್ನೂ ನಾನು ನೋಡಿರಲಿಲ್ಲ. ಅವಳ ಅವ್ವ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದರು. ಮಗಳ ಪ್ರತಿಯೊಂದು ಬಟ್ಟೆಗೂ ಮುಂಗೈವರೆಗೆ ತೋಳು ಇಡುತ್ತಿದ್ದರು. ಬ್ಯಾಸಗಿಯಲ್ಲೂ ಅಷ್ಟೇ. ಹಾಸ್ಟೆಲಿನವರು ಕೊಟ್ಟ ಗಿಡ್ಡ ತೋಳಿನ ಬನಿಯನ್ನು ಊರಿಗೆ ಒಯ್ದು, ಅದೇ ಬಣ್ಣದ ಅರಿವೆ ಹುಡುಕಿ ತೋಳು ಹಚ್ಚಿಸಿಕೊಂಡು ಬಂದಿದ್ದಳು. ನಮ್ಮೆಲ್ಲರ ಕೈಗಳು ಬಿಸಿಲಿಗೆ ಅರ್ಧ ಕಪ್ಪು ಅರ್ಧ ಬಿಳಿ. ಅವಳವು ಅಂಗೈ ಹಿಂಭಾಗ ಮಾತ್ರ ಕಪ್ಪು.

ಹಾಗಾಗಿ ಅವಳು ತೋಳಿದ್ದ ಉಡುಪನ್ನು ಎಳೆದುಕೊಂಡದ್ದು ನನಗೆ ಆಶ್ಚರ್ಯವೆನಿಸಲಿಲ್ಲ. ನಮ್ಮ ಮನೆಯಲ್ಲಿ ಕೇಳಿದ್ದರೆ ನನ್ನ ಪಾಲಿಗೂ ಅದನ್ನೇ ಆರಿಸುತ್ತಿದ್ದರು. ನಮ್ಮದು ಮರಾಠಿ ಮಾತನಾಡುವ ವೈಷ್ಣವರ ಮನೆ. ಅಜ್ಜಿಗೆ ನಾನು ತೊಡೆ ಕಾಣುವಂತೆ ಸೈಕಲ್ ಹೊಡೆಯುವುದೇ ಸಹಿಸಲಾಗದ ಸಂಗತಿಯಾಗಿತ್ತು.

ಆ ಉಡುಪು ತೊಡುವುದೇ ಒಂದು ಕುಸ್ತಿ. ಕಾಲಿಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ತೂರಿಸಿದರೆ ಜಾರುತ್ತದೆ ಎಂದು ಮಾಸ್ತರು ತೋರಿಸಿದರು. ಉಗುರು ತಾಗಿದರೆ ಹರಿಯುತ್ತದೆ ಎಂದು ಮೊದಲ ದಿನವೇ ಇಬ್ಬರ ಉಗುರು ಕತ್ತರಿಸಿದರು. ಆದರೂ ನನ್ನದು ತೊಡೆಯ ಹತ್ತಿರ ಹರಿಯಿತು. ಪಂಚರಿನ ಸೊಲ್ಯೂಷನ್ ಹಚ್ಚಿ, ಟ್ಯೂಬಿನ ತುಂಡು ಕೂಡಿಸಿ, ಅದರ ಮೇಲೆ ಇಟ್ಟಂಗಿ ಹೇರಿಟ್ಟು ಸರಿಮಾಡಿದೆವು. ಕುತ್ತಿಗೆ ಕೊರೆಯದಂತೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆವು.

ಮೊದಲ ದಿನ ಅವಳು ತೋಳಿದ್ದದ್ದನ್ನು, ನಾನು ತೋಳಿಲ್ಲದ್ದನ್ನು ಹಾಕಿಕೊಂಡು ಇಳಿದೆವು. ನೀರಿನಲ್ಲಿ ಅಲ್ಲಲ್ಲಿ ಮುಳುಗಿದ ಜಾಲಿಗಿಡಗಳ ಒಣ ತುದಿ ಎದ್ದಿದ್ದವು. ಆ ಕಡೆ ಹೋಗದಂತೆ ಮಾಸ್ತರು ಮೀನುಗಾರನೊಬ್ಬನ ತೆಪ್ಪದಲ್ಲಿ ಕುಳಿತು ನಮ್ಮ ಪಕ್ಕದಲ್ಲೇ ಬರುತ್ತಿದ್ದರು. ನನಗೆ ಉಡುಪು ಹಗುರವಾಗಿತ್ತು. ಭುಜ ಸಲೀಸಾಗಿ ತಿರುಗುತ್ತಿತ್ತು, ಕಂಕುಳಿನಿಂದ ಒಂದಿಷ್ಟು ತಣ್ಣೀರು ನುಗ್ಗುತ್ತಿತ್ತು ಅಷ್ಟೆ. ಅವಳು ಸ್ವಲ್ಪ ದೂರ ಹೋಗಿ ನಿಂತುಬಿಟ್ಟಳು. ಮೊದಲೇ ಹಿಡಿದುಕೊಂಡಿದ್ದ ಕೈ, ಅದರ ಮೇಲೆ ಬಿಗಿಯಾದ ರಬ್ಬರು. ಎಡಗೈ ನೀರಿನ ಮೇಲಕ್ಕೆ ಬರುತ್ತಲೇ ಇರಲಿಲ್ಲ. ಒಂದೇ ಕೈಯಲ್ಲಿ ಸುತ್ತುಹಾಕುತ್ತ ತೆಪ್ಪಕ್ಕೆ ಬಂದು ಹಿಡಿದುಕೊಂಡಳು.

“ಬದಲು ಮಾಡ್ರಿ. ನೀ ಅದನ್ನ ಹಾಕ್ಕೊ, ಆಕಿ ಇದನ್ನ ಹಾಕ್ಕೊಳ್ಳಲಿ,” ಅಂದರು ಮಾಸ್ತರು.

“ಒಲ್ಲೇನ್ರಿ,” ಅಂದಳು ಗೆಳತಿ.

“ನೋಡೂಣಂತ ಅಷ್ಟ. ಒಂದ ಸಲ.”

ಖೋಲಿಗೆ ಹೋಗಿ ಬದಲಿಸಿಕೊಂಡೆವು. ಅವಳು ತೋಳಿಲ್ಲದ್ದನ್ನು ಹಾಕಿಕೊಂಡು ಅದರ ಮೇಲೆ ಟವೆಲ್ಲು ಹೊದ್ದುಕೊಂಡೇ ದಂಡೆಗೆ ಬಂದಳು. ದಂಡೆಯ ಮೇಲೆ ಬಟ್ಟೆ ಒಗೆಯುವವರು ಇದ್ದರು. ಬಲೆ ಬಿಡಿಸುತ್ತ ಕುಳಿತವರಿದ್ದರು. ನೀರು ಸೊಂಟಕ್ಕೆ ಬರುವವರೆಗೂ ಟವೆಲ್ಲು ಬಿಡಲಿಲ್ಲ. ಆಮೇಲೆ ಅದನ್ನು ನನ್ನ ಕಡೆ ಎಸೆದು ಮುಳುಗಿದಳು.

ಆ ದಿನ ಅವಳು ಈಜಿದ್ದು ನನಗೆ ಚೆನ್ನಾಗಿ ನೆನಪಿದೆ. ಎಡಗೈ ಮೇಲಿಂದ ಬರಲಿಲ್ಲ; ಜೋಳ ಕೊಯ್ಯುವಾಗ ಕುಡಗೋಲು ಬೀಸಿದಂತೆ ಪಕ್ಕದಿಂದ, ನೀರಿಗೆ ತಾಗಿ ಬೀಸುತ್ತಿತ್ತು. ಆದರೆ ಬೀಸುತ್ತಿತ್ತು. ನಾನು ತೋಳಿದ್ದ ಉಡುಪಿನೊಳಗೆ ಬೇಯುತ್ತ, ಭುಜ ನೋಯಿಸಿಕೊಳ್ಳುತ್ತ ಹಿಂದೆ ಬಿದ್ದೆ. ಹಿನ್ನೀರಿನ ಮೇಲೆ ಹಾದುಹೋಗುವ ಸೇತುವೆಯ ಕಂಬ ಸುತ್ತಿ ಅವಳು ನನಗಿಂತ ಎಷ್ಟೋ ಮುಂಚೆ ಬಂದು ತಲುಪಿದಳು. ತೆಪ್ಪದ ಮೇಲೆ ಮಾಸ್ತರು ಎದ್ದೇ ನಿಂತಿದ್ದರು.

ದಂಡೆಗೆ ಬಂದಾಗ, ನಾನು ಕಲ್ಲಿನ ಮೇಲಿಟ್ಟಿದ್ದ ಟವೆಲ್ಲು ಗಾಳಿಗೆ ಹಾರಿ ಕೆಸರಿನಲ್ಲಿ ಬಿದ್ದಿತ್ತು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಕೈ ನಿಲ್ಲಿಸಿ ನೋಡಿದಳು. “ಅಯ್ಯ, ಏನಾಗೇತ್ವಾ ಕೈಗೆ?” ಎಂದು ಕೇಳಿದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಮರುಕದಿಂದಲೇ ಕೇಳಿದಳು. ಗೆಳತಿ ಕೆಸರಿನ ಟವೆಲ್ಲನ್ನೇ ಹೊದ್ದುಕೊಂಡು ನಡೆದಳು.

ಖೋಲಿಯಲ್ಲಿ ಮಾಸ್ತರು ಸಮಾಧಾನದಿಂದ ಮಾತು ತೆಗೆದರು. ಒಳಗೆ ಪೂರ್ತಿ ತೋಳಿನ ತೆಳುವಾದ ಬನಿಯನ್ ಹಾಕಿಕೊಂಡು ಮೇಲೆ ತೋಳಿಲ್ಲದ್ದನ್ನು ಹಾಕಬಹುದಲ್ಲ ಎಂದರು. ಮರುದಿನ ಅದನ್ನೂ ಮಾಡಿ ನೋಡಿದೆವು. ಬನಿಯನ್ನಿನ ತೋಳಿನಲ್ಲಿ ನೀರು ತುಂಬಿ ಕೈಗೆ ಕೊಡ ಕಟ್ಟಿದಂತಾಯಿತು. ತೋಳಿದ್ದ ಉಡುಪಿನ ಎಡತೋಳನ್ನಷ್ಟೇ ಕತ್ತರಿಸೋಣವೇ ಎಂದು ಕೇಳಿದರು. ಅದಕ್ಕೆ ಅವಳು ಮಾಸ್ತರನ್ನು ನೋಡಿದ ರೀತಿಗೆ ಅವರು ಮಾತು ಅಲ್ಲಿಗೇ ಬಿಟ್ಟರು.

“ತೋಳಿದ್ದದ್ದ ಹಾಕ್ಕೋತೇನ್ರಿ. ಕೈ ಏಳಬೇಕು ಹೌದಲ್ಲೋ? ಏಳಸ್ತೇನಿ,” ಅಂದಳು.

“ಹೆಂಗ ಏಳಸ್ತಿ? ಇಷ್ಟು ವರ್ಷದ ಚರ್ಮ ಅದು.”

“ಜಗ್ಗಿದ್ರ ರಬ್ಬರ ಸಡ್ಲ ಆಗತೈತಿ. ಚರ್ಮನೂ ಆಗತೈತಿ.”

ಈ ರಾಜ್ಯದಿಂದ ಆ ರಾಜ್ಯಕ್ಕೆ, ಸಾವಿರಾರು ಜನರ ನಡುವೆ, ಪೇಪರಿನವರು ಫೋಟೋ ತೆಗೆಯುವಲ್ಲಿ ತಾನು ಆ ಕೈ ಬಿಚ್ಚಿಕೊಂಡು ಹೋಗುವುದಿಲ್ಲ ಎಂದು ನನ್ನ ಮುಂದೆ ಹೇಳಿದಳು. ನನಗೂ ತೋಳಿಲ್ಲದ್ದೇ ಹಿಡಿಸಿತ್ತು. ಆಯ್ಕೆ ಹೀಗೆ ಮುಗಿಯಿತು.

ಅಂದಿನಿಂದ ಅವಳು ಬಾಗಿಲ ಮೇಲಿನ ತೊಲೆಗೆ ಹಗ್ಗ ಹಾಕಿ, ಒಂದು ತುದಿಯನ್ನು ಎಡಗೈಗೆ ಕಟ್ಟಿ, ಇನ್ನೊಂದನ್ನು ಬಲಗೈಯಿಂದ ಎಳೆಯುತ್ತಿದ್ದಳು. ಬಾವಿಯಿಂದ ನೀರು ಸೇದುವಂತೆ ತನ್ನ ಕೈಯನ್ನು ತಾನೇ ಮೇಲಕ್ಕೆ ಸೇದುತ್ತಿದ್ದಳು. ಮುಖ ಬಿಳಚಿಕೊಳ್ಳುತ್ತಿತ್ತು, ಹಲ್ಲು ಕಚ್ಚಿದ ಸದ್ದು ನನಗೆ ಕೇಳುತ್ತಿತ್ತು. ಅಲ್ಲಿಂದ ಹಾಗೇ ಹೋಗಿ ಆ ಉಡುಪು ಹಾಕಿಕೊಂಡು ನೀರಿಗೆ ಇಳಿಯುತ್ತಿದ್ದಳು. ಕೈ ನಿಜವಾಗಿಯೂ ಏಳತೊಡಗಿತು. ಮೊದಲು ಗದ್ದದ ಮಟ್ಟಕ್ಕೆ, ಆಮೇಲೆ ಕೆನ್ನೆಯ ಮಟ್ಟಕ್ಕೆ. ರಬ್ಬರಿನ ತೋಳಿನೊಳಗಿದ್ದೂ ಬೀಸು ಸಿಕ್ಕಿತು.

ಉಡುಪು ಸುಲಿಯಲು ಒಬ್ಬರಿಗೊಬ್ಬರು ಸಹಾಯ ಮಾಡಲೇಬೇಕಿತ್ತು. ಒಂದು ಮುಂಜಾನೆ ನಾನು ಅವಳ ಎಡತೋಳನ್ನು ಎಳೆಯುವಾಗ ರಬ್ಬರಿನ ಒಳಗೆ ಕೆಂಪಗೆ ಹತ್ತಿದ್ದು ಕಾಣಿಸಿತು. ಕಂಕುಳಿನ ಆ ಪೊರೆ ಬಿರಿದಿತ್ತು. ಉಡುಪಿನ ಹೊಲಿಗೆ ಸರಿಯಾಗಿ ಅದೇ ಜಾಗದಲ್ಲಿ ಉಜ್ಜುತ್ತಿತ್ತು.

“ಮಾಸ್ತರಿಗೆ ಹೇಳೂಣು,” ಅಂದೆ.

“ಹೇಳಿದ್ರ ನೀರಿಗೆ ಇಳಸಂಗಿಲ್ಲ ಅವರು. ಅರಿಷಿಣ ಹಚ್ಚತೇನಿ. ಹೋಗತೈತಿ.”

ಅರಿಷಿಣ ಹಚ್ಚಿದಳು. ಒಣಗುತ್ತಿತ್ತು, ಮತ್ತೆ ಬಿರಿಯುತ್ತಿತ್ತು. ಕೊನೆಗೆ ಮಾಸ್ತರಿಗೆ ಗೊತ್ತಾಗಿ, ಬೈದು, ಬಸವನ ಬಾಗೇವಾಡಿಗೆ ಕರೆದುಕೊಂಡು ಹೋಗಿ ಔಷಧಿ ಅಂಗಡಿಯಿಂದ ಮುಲಾಮು ಕೊಡಿಸಿದರು. ಒಂದು ವಾರ ನೀರಿಗೆ ಬಿಡಲಿಲ್ಲ. ಗಾಯ ಮುಚ್ಚಿದಂತೆ ಕಂಡಿತು. ಹೊಲಿಗೆ ಉಜ್ಜದಂತೆ ಹಳೆಯ ಟ್ಯೂಬಿನ ನುಣುಪಾದ ಪಟ್ಟಿಯನ್ನು ಒಳಗಡೆ ಅಂಟಿಸಿಕೊಟ್ಟರು. ಸ್ಪರ್ಧೆಗೆ ಹೊರಟೆವು.

ಆ ಕೆರೆಯ ಸುತ್ತ ದೇವದಾರು ಮರಗಳಿದ್ದವು. ಮಂಜಿನಲ್ಲಿ ಆಚೆ ದಂಡೆ ಕಾಣುತ್ತಿರಲಿಲ್ಲ. ಬೇರೆ ಹುಡುಗಿಯರ ಬಳಿ ಹೊಸ ಉಡುಪುಗಳಿದ್ದವು, ಬಹುಪಾಲು ತೋಳಿದ್ದವು. ತೊಡೆಗೆ ಟ್ಯೂಬಿನ ತೇಪೆ ಹಚ್ಚಿದ ಉಡುಪಿನಲ್ಲಿ ನಿಂತ ನನಗೆ ನೀರಿಗೆ ಇಳಿಯುವ ಮೊದಲೇ ಹಲ್ಲು ಕಟಕಟಿಸುತ್ತಿದ್ದವು. ಕೃಷ್ಣೆಯ ಚಳಿಯನ್ನಷ್ಟೇ ಕಂಡ ಮೈ ಅದು. ಸೀಟಿ ಊದಿದ ಮೇಲೆ ನೀರಿಗೆ ಬಿದ್ದಾಗ ಉಸಿರು ಒಳಗೇ ಸಿಕ್ಕಿಕೊಂಡಿತು. ಎದೆ, ಹೊಟ್ಟೆ ಬೆಚ್ಚಗಿದ್ದರೂ ಬರಿಗೈಗಳು ಮೊದಲು ಉರಿದವು, ಆಮೇಲೆ ನೋಯತೊಡಗಿದವು, ಆಮೇಲೆ ಇಲ್ಲವೇ ಇಲ್ಲ ಎಂಬಂತಾದವು. ಬೆರಳು ಕೂಡುತ್ತಿರಲಿಲ್ಲ, ನೀರು ಹಿಡಿಯುತ್ತಿರಲಿಲ್ಲ. ಭುಜಗಳು ಬಿಡಾಡಿಯಾಗಿ ತಿರುಗುತ್ತಿದ್ದವು, ಅದರಿಂದ ಏನೂ ಆಗುತ್ತಿರಲಿಲ್ಲ. ಅರ್ಧ ದಾರಿಯ ನಂತರ ನನಗೆ ಸರಿಯಾಗಿ ನೆನಪಿಲ್ಲ. ದೋಣಿಯವರು ಕುತ್ತಿಗೆಯ ಹಿಂದೆ ಹಿಡಿದು ಎತ್ತಿದ್ದು ನೆನಪಿದೆ.

ಕಂಬಳಿ ಸುತ್ತಿಕೊಂಡು ದೋಣಿಯಲ್ಲಿ ಕುಳಿತೇ ನಾನು ಅವಳು ನೀರಿನಿಂದ ಏಳುವುದನ್ನು ನೋಡಿದೆ. ಕೊನೆಯ ಗುಂಪಿನಲ್ಲಿ, ಎಡವುತ್ತ, ಮುಖವೆಲ್ಲ ನೀಲಿಯಾಗಿ ಎದ್ದಳು. ಆದರೆ ಎದ್ದಳು. ಆಮೇಲೆ ಹೇಗೋ ಉಡುಪು ಸುಲಿದು, ಒಳಗೆ ತೊಟ್ಟಿದ್ದ ಪೂರ್ತಿ ತೋಳಿನ ಬನಿಯನ್ನಿನಲ್ಲೇ ಸೈಕಲ್ ಹತ್ತಿದಳು. ಅಲ್ಲಿಂದ ಮುಂದಿನದು ನಮ್ಮ ಜಿಲ್ಲೆಯ ವಿದ್ಯೆ. ಆ ಏರುದಾರಿಯಲ್ಲಿ ಒಬ್ಬೊಬ್ಬರನ್ನೇ ಹಿಂದಕ್ಕೆ ಹಾಕುತ್ತ ಹೋದಳಂತೆ. ಓಟ ಮುಗಿದಾಗ ಮೂರನೆಯವಳಾಗಿದ್ದಳು. ಮಾಸ್ತರು ಒಂದು ಮರದ ಬೊಡ್ಡೆಗೆ ಬೆನ್ನು ಹಚ್ಚಿ ಕುಳಿತು ಟೊಪ್ಪಿಗೆಯಿಂದ ಮುಖ ಮುಚ್ಚಿಕೊಂಡು ಅತ್ತರು. ಪದಕ ಹಾಕಿಸಿಕೊಳ್ಳುವಾಗ ಅವಳು ಪೂರ್ತಿ ತೋಳಿನ ಟ್ರ್ಯಾಕ್‌ಸೂಟಿನಲ್ಲಿದ್ದಳು. ಯಾರೂ ಅವಳ ಕೈಯ ಬಗ್ಗೆ ಏನೂ ಕೇಳಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೇ.

ರೈಲಿನಲ್ಲಿ ಬರುವಾಗ ನನ್ನ ಮುಖ ಸಪ್ಪಗಿರುವುದನ್ನು ನೋಡಿ, “ಮುಂದಿನ ಸಲ ನೀನೂ ತೋಳಿದ್ದದ್ದ ಹಾಕ್ಕೊ. ನಾ ಇನ್ನೊಂದು ಹುಡಕಸ್ತೇನಿ ಮಾಸ್ತರ ಕಡಿಂದ,” ಅಂದಳು. ಹೇಳುತ್ತಲೇ ಬಲಗೈಯಿಂದ ಎಡಕಂಕುಳನ್ನು ಒತ್ತಿಕೊಂಡಿದ್ದಳು.

ಆ ಗಾಯ ಮಾಯಲಿಲ್ಲ.

ಯುಗಾದಿ ಹೊತ್ತಿಗೆ ಅವಳು ನಾಲತವಾಡಕ್ಕೆ ಹೋದಳು, ನಾನು ಸಿಂದಗಿಗೆ. ಆಗ ಫೋನು ಮಾಡಬೇಕೆಂದರೆ ಪಕ್ಕದ ಮನೆಯವರಿಗೆ ಮಾಡಿ ಕರೆಸಬೇಕು. ಎರಡು ಮೂರು ಸಲ ಮಾತಾಡಿದಾಗಲೂ ಆರಾಮ ಅದೇನಿ ಅಂದಳು. ಮಳೆಗಾಲದ ಸುಮಾರಿಗೆ ಮಾಸ್ತರಿಂದ ಸುದ್ದಿ ಬಂತು: ಅವಳಿಗೆ ಹುಷಾರಿಲ್ಲ, ಹೋಗಿ ನೋಡು ಎಂದು. ಹೋದೆ.

ಅವಳ ಅವ್ವ ಬಾಗಿಲಲ್ಲೇ ನನ್ನ ಕೈ ಹಿಡಿದು, “ನೀ ಹೇಳಿದ್ರ ಕೇಳ್ಯಾಳು. ನನಗ ತೋರಸಲಿಲ್ಲ. ಅರಿವೀಗೆ ಕೀವು ರಕ್ತ ಹತ್ತಿದ್ದ ನೋಡೇ ನನಗ ಗೊತ್ತಾತು,” ಅಂದರು.

ಒಳಗೆ ಹೋಗಿ ಕೇಳಿದಾಗ ಅವಳು ತೋರಿಸಿದಳು. ಗಾಯದ ಅಂಚು ಮೇಲಕ್ಕೆದ್ದು, ಹೂಕೋಸಿನಂತೆ ಬೆಳೆದಿತ್ತು. ವಾಸನೆಯಿತ್ತು. ನಾನು ಮುಖ ತಿರುಗಿಸದೆ ಇರಲು ಪ್ರಯತ್ನಪಟ್ಟೆ, ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಮುದ್ದೇಬಿಹಾಳದ ಡಾಕ್ಟರು ನೋಡಿದ ಕೂಡಲೇ ಸೊಲ್ಲಾಪುರಕ್ಕೆ ಬರೆದುಕೊಟ್ಟರು. ಅಲ್ಲಿ ಗಾಯದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಅವಳ ಅಪ್ಪ ಒಳಗೆ ಕೂರಲಾರದೆ ಹೊರಗೆ ಹೋಗಿಬಿಟ್ಟರು. ನಾನು, ಅವಳು, ಅವಳ ಅವ್ವ ಡಾಕ್ಟರ ಮುಂದೆ ಕುಳಿತಿದ್ದೆವು. ವಯಸ್ಸಾದ ಡಾಕ್ಟರು; ಮರಾಠಿ ಬೆರೆತ ಕನ್ನಡದಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು.

“ಸುಟ್ಟ ಚರ್ಮದಾಗ ಬರೋ ಕ್ಯಾನ್ಸರ್ ಇದು. ಭಾಳ ಜನಕ್ಕ ಬರಂಗಿಲ್ಲ. ಬಂದ್ರ ಜೋರು ಇರತೈತಿ. ತೋಳು ತೆಗೀಬೇಕಾಗತೈತಿ, ಬಾಯೀ,” ಅಂದರು ಅವ್ವನಿಗೆ.

ಅವ್ವ ತಲೆಯಾಡಿಸಿ, ಎದ್ದು, ಮಗಳ ಜಂಪರಿನ ತೋಳಿನ ಗುಂಡಿ ಬಿಚ್ಚತೊಡಗಿದರು. ಡಾಕ್ಟರಿಗೆ ಗಾಯ ಕಾಣಲೆಂದು ಭುಜದ ಹತ್ತಿರದ ಹೊಲಿಗೆಯನ್ನೂ ಬೆರಳಿನಿಂದ ಬಿಡಿಸಲು ನೋಡುತ್ತಿದ್ದರು. “ತಡೀರಿ, ಹೊಲಿಗಿ ಬಿಚ್ಚಿದ್ರ ಪೂರಾ ಬರತೈತಿ,” ಅಂದರು.

ಗೆಳತಿಯೇ ಅವ್ವನ ಕೈ ಹಿಡಿದಳು.

“ಯವ್ವಾ, ಅರಿವೀ ತೋಳಲ್ಲ. ಕೈ ತೆಗೀಬೇಕಂತಾರ.”

ಅವ್ವ ಬಿಚ್ಚಿದ್ದ ಗುಂಡಿಯನ್ನು ಮತ್ತೆ ಹಾಕಿದರು.

ಗೆಳತಿ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿದಳು: “ರಬ್ಬರಿನ ಅಂಗಿ ಉಜ್ಜಿದ್ದಕ್ಕ ಆತೇನ್ರಿ ಇದು?”

ಅವರು ಬಹಳ ಯೋಚಿಸಿ ಉತ್ತರ ಕೊಟ್ಟರು. “ಹಂಗ ಹೇಳಾಕ ಬರಂಗಿಲ್ಲ ನನಗ. ಹಳೇ ಸುಟ್ಟ ಗಾಯ ಮ್ಯಾಲಿಂದ ಮ್ಯಾಲೆ ಬಿರದ್ರ ಆಗತೈತಿ ಅಂತಾರ. ಬಿರೀದಿದ್ರೂ ಆದವರನ್ನ ನಾ ನೋಡೇನಿ. ನೀ ಅದನ್ನ ಹಚ್ಚಿಕೋಬ್ಯಾಡ.”

ಆ ಉತ್ತರವನ್ನು ನಾನು ಎಷ್ಟೋ ವರ್ಷ ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಅದರಲ್ಲಿ ಹೌದೂ ಇಲ್ಲ, ಅಲ್ಲವೂ ಇಲ್ಲ. ಮಾಸ್ತರು ಮಾತ್ರ ಹೌದು ಎಂದೇ ನಂಬಿದರು. ಅವತ್ತೇ ಎಡತೋಳನ್ನು ಕತ್ತರಿಸಿ ಹಾಕಬೇಕಿತ್ತು, ಅವಳ ಮಾತು ಕೇಳಬಾರದಿತ್ತು ಎಂದು ನನ್ನ ಮುಂದೆ ಹೇಳುತ್ತಿದ್ದರು. ಅವರ ಧ್ವನಿ ಆಮೇಲೆ ಎಂದೂ ಮೊದಲಿನಂತಾಗಲಿಲ್ಲ.

ಭುಜದಿಂದಲೇ ತೆಗೆದರು. ಮನೆಗೆ ಬಂದ ಮೇಲೆ ನಾನು ಮತ್ತೆ ಹೋದಾಗ ಅವಳು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಅವ್ವ ಹೊಲಿಗೆ ಮಶಿನ್ನಿನ ಮುಂದೆ ಕುಳಿತು ಹಳೆಯ ಜಂಪರುಗಳ ಎಡತೋಳನ್ನು ಬಿಚ್ಚಿ, ಆ ತೂತನ್ನು ಒಳಗಿನಿಂದ ಮುಚ್ಚಿ ಹೊಲಿಯುತ್ತಿದ್ದರು. ಬಿಚ್ಚಿದ ತೋಳುಗಳು ಮಶಿನ್ನಿನ ಪಕ್ಕ ಒಂದರ ಮೇಲೊಂದು ಬಿದ್ದಿದ್ದವು.

“ಬಿಡಬೇ ಯವ್ವಾ, ಇನ್ನ ಯಾರ ಮುಂದ ಹೋಗೂದೈತಿ,” ಅಂದಳು ಅವಳು.

ಅವ್ವ ಮಶಿನ್ ನಿಲ್ಲಿಸಲಿಲ್ಲ.

ಅವಳಿಗೆ ಇಲ್ಲದ ಕೈ ನೋಯುತ್ತಿತ್ತು. ಬೆರಳುಗಳು ಮಡಚಿಕೊಂಡಂತೆ, ಯಾರೋ ಅವನ್ನು ಹಿಂಡಿದಂತೆ ಅನಿಸುತ್ತದೆ ಎನ್ನುತ್ತಿದ್ದಳು. ಒಮ್ಮೆ ಹೇಳಿದಳು: “ಒಂದೊಂದು ಸಲ ಅದು ಪೂರಾ ಮ್ಯಾಲೆ ಎದ್ದಂಗ ಅನಸ್ತೈತಿ. ಕಿವಿ ದಾಟಿ. ಆವಾಗ ನೋವು ಇರಂಗಿಲ್ಲ.” ಅವಳು ಸೈಕಲ್ಲಿನ ಸುದ್ದಿ ಕೇಳುತ್ತಿದ್ದಳು. ಯಾರು ಗೆದ್ದರು, ಯಾರು ಬಿದ್ದರು ಎಲ್ಲ. ನಾನು ಹೇಳುತ್ತಿದ್ದೆ. ಈಜಿನ ಸುದ್ದಿ ಇಬ್ಬರೂ ತೆಗೆಯುತ್ತಿರಲಿಲ್ಲ.

ಕಾಯಿಲೆ ಕೈಯೊಂದಿಗೆ ಹೋಗಿರಲಿಲ್ಲ. ಮುಂದಿನ ವರ್ಷ ಎದೆಗೆ ಇಳಿಯಿತು. ಕೆಮ್ಮು ಬಂತು, ಮೈ ಕರಗಿತು. ಎಂಥ ಏರು ಬಂದರೂ ಒಂದೇ ಲಯದಲ್ಲಿ ಉಸಿರಾಡುತ್ತಿದ್ದವಳು, ಮಂಚದಿಂದ ಹೊಸ್ತಿಲಿಗೆ ಬರಲು ಎರಡು ಕಡೆ ಕೂರುತ್ತಿದ್ದಳು. ಸುಗ್ಗಿ ಮುಗಿದ ಹೊತ್ತಿಗೆ ತೀರಿಕೊಂಡಳು. ನಾನು ಆಗ ಇಂಡಿಯ ಒಂದು ಹೈಸ್ಕೂಲಿನಲ್ಲಿ ಆಟದ ಶಿಕ್ಷಕಿಯಾಗಿ ಸೇರಿ ಸ್ವಲ್ಪವೇ ದಿನವಾಗಿತ್ತು. ಸುದ್ದಿ ತಿಳಿದು ನಾನು, ಮಾಸ್ತರು ಒಂದೇ ಬಸ್ಸಿನಲ್ಲಿ ಹೋದೆವು.

ಅವರ ಹೊಲದಲ್ಲೇ ಮಣ್ಣು ಮಾಡಿದರು. ಹತ್ತಿಯ ಒಣ ಕಡ್ಡಿಗಳು ಇನ್ನೂ ನಿಂತಿದ್ದವು. ಅಗೆದಿದ್ದ ಕರಿಮಣ್ಣು ಹೆಂಟೆ ಹೆಂಟೆಯಾಗಿ ಬಿದ್ದಿತ್ತು. ಮಾಸ್ತರು ಎಲ್ಲರಿಗಿಂತ ಹಿಂದೆ ನಿಂತಿದ್ದರು. ಮುಂದೆ ಬನ್ನಿ ಎಂದು ಅವಳ ಅಪ್ಪ ಹೋಗಿ ಕರೆದರು, ಕೈ ಹಿಡಿದು ಕರೆತಂದು ಅವರಿಂದಲೂ ಒಂದು ಹಿಡಿ ಮಣ್ಣು ಹಾಕಿಸಿದರು. ಆ ಮನೆಯವರು ಮಾಸ್ತರಿಗಾಗಲಿ ನನಗಾಗಲಿ ತಪ್ಪು ನಿಮ್ಮದು ಎಂಬ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಮಾಸ್ತರಿಗೆ ಹಗುರಾಗುತ್ತಿತ್ತೋ ಏನೋ.

ಜನ ಚದುರಿದ ಮೇಲೆ ನಾನು ಹಿತ್ತಲಿನಲ್ಲಿ ಕಾಲು ತೊಳೆದುಕೊಳ್ಳುತ್ತಿದ್ದೆ. ಅವಳ ಅವ್ವ ಬಂದು ಪಕ್ಕದ ಕಲ್ಲಿನ ಮೇಲೆ ಕುಳಿತರು.

“ತಂಗಿ, ಒಂದ ಮಾತು ಕೇಳ್ತೇನಿ. ನೀರಾಗ ಆಕಿ ಹೆಂಗ ಇರತಿದ್ಳು? ನಾ ಒಂದ ಸಲಾನೂ ನೋಡಲಿಲ್ಲ. ಬಾ ಅಂತ ಕರದಿದ್ಳು. ನೀರಂದ್ರ ನನಗ ಅಂಜಿಕಿ, ಹೋಗಲಿಲ್ಲ.”

ಕೊಲ್ಹಾರದ ದಂಡೆಯಿಂದ ಶುರುಮಾಡಿದೆ. ಅವಳು ನೀರು ಮುಟ್ಟಿದ ಕೂಡಲೇ ಒಮ್ಮೆ ತಲೆ ಪೂರ್ತಿ ಮುಳುಗಿಸಿ ಎದ್ದು ಬಾಯಿಯಿಂದ ನೀರು ಉಗುಳಿ ನಗುತ್ತಿದ್ದದ್ದು ಹೇಳಿದೆ. ತೆಪ್ಪದಲ್ಲಿದ್ದ ಮಾಸ್ತರಿಗೆ ನೀರು ಸಿಡಿಸಿ ಬೈಸಿಕೊಳ್ಳುತ್ತಿದ್ದದ್ದು, ಸೇತುವೆಯ ಕೆಳಗೆ ಹೋದಾಗ ತನ್ನ ಧ್ವನಿ ಮರಳಿ ಕೇಳಲಿ ಎಂದು ಕೂಗು ಹಾಕುತ್ತಿದ್ದದ್ದು, ದಣಿದಾಗ ಅಂಗಾತ ಮಲಗಿ ತೇಲುತ್ತ ಅಲ್ಲೇ ನಿದ್ದೆ ಬಂದವಳಂತೆ ಕಣ್ಣು ಮುಚ್ಚುತ್ತಿದ್ದದ್ದು, ಎಲ್ಲ ಹೇಳಿದೆ. ನಾನು ಮುಗಿಸಿದಾಗ ಅವ್ವ, “ಮತ್ತ?” ಅಂದರು.

ಮತ್ತೆ ಹೇಳಿದೆ. ನೆನಪಿಗೆ ಬಂದದ್ದೆಲ್ಲ ಮುಗಿದ ಮೇಲೆ, ಆಕಳಿಗೆ ಬೆಳಿಗ್ಗೆಯಿಂದ ಯಾರೂ ನೀರಿಟ್ಟಿಲ್ಲ ಎಂದು ಅವರು ಕೊಡ ತೆಗೆದುಕೊಂಡು ಎದ್ದು ಹೋದರು. ಮಾಸ್ತರು ಹೊರಗೆ ಬಸ್ಸಿಗೆ ಹೊತ್ತಾಯಿತೆಂದು ನಿಂತಿದ್ದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.